ತೊಗರಿ ಯಾಕೆ ಒಣಗುತ್ತಿದೆ? ಪ್ರತಿ ಹಂಗಾಮಿನಲ್ಲೂ ಓದುಗರು ಹುಡುಕಿಕೊಂಡು ಬರುವ ಒಂದು ಲೇಖನದ ಪ್ರಕರಣ

ಕಲಬುರಗಿ ಜಿಲ್ಲೆಯ ಆಳಂದ ಕಡೆ ನನಗೊಬ್ಬ ಗೆಳೆಯನಿದ್ದಾನೆ. ವಯಸ್ಸಿನಲ್ಲಿ ಚಿಕ್ಕವನು, ಕೃಷಿ ಓದಿಕೊಂಡವನು. ಬೀಜ-ಗೊಬ್ಬರದ ಅಂಗಡಿ ನಡೆಸುತ್ತಾನೆ, ಬಿಡುವು ಸಿಕ್ಕಾಗ ಕನ್ನಡದಲ್ಲಿ ಬರೆಯುತ್ತಾನೆ. ಅವನ ಕರಡುಗಳನ್ನು ಓದಿ ತಿದ್ದಿಕೊಡುವುದು ನನ್ನ ಪಾಲಿನ ಕೆಲಸ. ತೊಗರಿ ಗಿಡವನ್ನು ನಿಂತಲ್ಲೇ ಒಣಗಿಸುವ ನೆಟೆ ರೋಗದ ಮೇಲೆ ಅವನು ಇಂಟರ್ನೆಟ್ಟಿಗೆಂದು ಬರೆದ ಒಂದು ಉದ್ದ ಲೇಖನವನ್ನು ಜನ ಇವತ್ತಿಗೂ ಹುಡುಕಿಕೊಂಡು ಬಂದು ಓದುತ್ತಿದ್ದಾರೆ. ಅದೇ ವಿಷಯದ ಮೇಲೆ ಅವನೇ ಮೊದಲು ಬರೆದಿದ್ದ ಇನ್ನೊಂದು ಲೇಖನ ಮಾತ್ರ ವಾರ ಕಳೆಯುವಷ್ಟರಲ್ಲಿ ಮೂಲೆ ಸೇರಿತ್ತು. ಬರೆದವನು ಒಬ್ಬನೇ, ವಿಷಯವೂ ಒಂದೇ. ಎರಡರ ನಡುವೆ ಏನು ಬದಲಾಯಿತು ಅನ್ನೋದನ್ನು ಇಲ್ಲಿ ವಿವರವಾಗಿ ಬರೆದಿಡುತ್ತಿದ್ದೇನೆ. ಕನ್ನಡದಲ್ಲಿ ಯಾವುದೇ ವಿಷಯದ ಮೇಲೆ ಆಳವಾಗಿ ಬರೆಯಲು ಹೊರಟವರಿಗೆ ಇದು ಉಪಯೋಗಕ್ಕೆ ಬರುತ್ತದೆ ಅನ್ನೋ ನಂಬಿಕೆ ನನ್ನದು.

ಮೊದಲ ಲೇಖನ

2022ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ತೊಗರಿಗೆ ನೆಟೆ ರೋಗ ದೊಡ್ಡ ಪ್ರಮಾಣದಲ್ಲಿ ಬಿತ್ತು. ಕಾಯಿ ಕಟ್ಟುವ ಹೊತ್ತಿಗೆ ಎಕರೆಗಟ್ಟಲೆ ಬೆಳೆ ಒಣಗಿ ನಿಂತಿತು. ರೈತರು ಪರಿಹಾರ ಕೇಳಿ ಬೀದಿಗಿಳಿದರು. ಪತ್ರಿಕೆ ತೆಗೆದರೆ ಅದೇ ಸುದ್ದಿ. ಆ ಬಿಸಿಯಲ್ಲೇ ಗೆಳೆಯ ತನ್ನ ಮೊದಲ ಲೇಖನ ಬರೆದ. ಅದು ಹೀಗೆ ಶುರುವಾಗುತ್ತಿತ್ತು:

"ತೊಗರಿಯ ಕಣಜವೆಂದೇ ಹೆಸರಾದ ಕಲಬುರಗಿ ಜಿಲ್ಲೆಯಲ್ಲಿ ಈ ಬಾರಿ ನೆಟೆ ರೋಗವು ರೈತರ ನಿದ್ದೆಗೆಡಿಸಿದೆ."

ಆಮೇಲೆ 2019ರಲ್ಲಿ ಗುಲ್ಬರ್ಗಾ ತೂರ್ ದಾಲ್‌ಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕ ವಿಷಯ, ಬಿತ್ತನೆಯ ಅಂಕಿ-ಅಂಶ, ಪ್ರತಿಭಟನೆಯ ವಿವರ, ಅಧಿಕಾರಿಗಳು ಭೇಟಿ ಕೊಟ್ಟ ಸುದ್ದಿ. ಕೊನೆಗೆ ಎರಡು ಸಾಲು ಸಲಹೆ. ಅದರಲ್ಲಿ ತಪ್ಪು ಅನ್ನುವಂಥದ್ದು ಏನೂ ಇರಲಿಲ್ಲ. ಭಾಷೆಯೂ ಚೆನ್ನಾಗಿತ್ತು. ಆ ವಾರ ಒಳ್ಳೇ ಓದುಗರೂ ಸಿಕ್ಕರು.

ಆದರೆ ಅದು ಸುದ್ದಿಯ ಜೊತೆ ಬಂದು ಸುದ್ದಿಯ ಜೊತೆಗೇ ಹೋಯಿತು. ಕಲಬುರಗಿ ತೊಗರಿಯ ಕಣಜ ಅಂತ ಕಲಬುರಗಿಯ ರೈತನಿಗೆ ಯಾರಾದರೂ ಹೇಳಬೇಕಾ? ನಿದ್ದೆ ಕೆಟ್ಟಿರುವುದು ಅವನದೇ. ಲೇಖನದ ಮುಕ್ಕಾಲು ಭಾಗ ಓದುಗನಿಗೆ ಗೊತ್ತಿದ್ದದ್ದನ್ನೇ ಅವನಿಗೆ ಹೇಳುತ್ತಿತ್ತು. ಗೊತ್ತಿಲ್ಲದ್ದು ಕೊನೆಯ ಎರಡು ಸಾಲಿನಲ್ಲಿ ಮುಗಿದು ಹೋಗಿತ್ತು. ಆಳವಾದ ಲೇಖನ ಅಂದುಕೊಂಡು ಬರೆಯುವ ಎಷ್ಟೋ ಕನ್ನಡ ಲೇಖನಗಳು ಇಲ್ಲೇ ಸೋಲುತ್ತವೆ. ಉದ್ದ ಇರುತ್ತದೆ, ಹಿನ್ನೆಲೆ ಇರುತ್ತದೆ, ಓದುಗ ಕೇಳುತ್ತಿರುವ ಪ್ರಶ್ನೆಯೇ ಅದರಲ್ಲಿ ಇರುವುದಿಲ್ಲ.

ಬಿಲ್ ಬುಕ್ಕಿನ ಹಿಂಬದಿ

ಗೆಳೆಯನಿಗೆ ಒಂದು ಅನುಕೂಲ ಇತ್ತು. ಅವನ ಅಂಗಡಿಗೆ ದಿನಾ ಜನ ಬರುತ್ತಾರೆ. ಒಣಗಿದ ಗಿಡವನ್ನು ಬೇರು ಸಮೇತ ಕಿತ್ತು ತಂದು ಕೌಂಟರ್ ಮೇಲೆ ಇಡುತ್ತಾರೆ. ಅವರು ಕೇಳುವ ಪ್ರಶ್ನೆಗಳನ್ನು ಕೇಳಿದ ಹಾಗೇ, ಅವರ ಮಾತಿನಲ್ಲೇ ಬರೆದಿಡು ಅಂತ ಹೇಳಿದೆ. ಅವನು ಬಿಲ್ ಬುಕ್ಕಿನ ಹಿಂಬದಿಯಲ್ಲಿ ಬರೆಯುತ್ತಾ ಹೋದ. ಕೆಲವು ಹೀಗಿದ್ದವು:

"ತಮ್ಮಾ, ನಿನ್ನಿ ಹಸರಿತ್ತು, ಇವತ್ತ ನೋಡಿದ್ರ ತಲಿ ಬಾಗ್ಯಾದ. ನೀರ ಕಡಿಮಿ ಆಗ್ಯಾದೇನು?"

"ಯಾವ ಎಣ್ಣಿ ಹೊಡೀಲಿ?" (ಎಣ್ಣಿ ಅಂದರೆ ನಮ್ಮ ಕಡೆ ಬೆಳೆಗೆ ಸಿಂಪಡಿಸುವ ಔಷಧಿ.)

"ಒಂದ ಮೂಲ್ಯಾಗ ಶುರು ಆಗ್ಯಾದ. ಎಲ್ಲಾ ಹೊಲಕ್ಕ ಹಬ್ಬತದೇನ್ರಿ?"

"ಟಿಎಸ್-3ಆರ್ ಹಾಕಿದ್ರ ನೆಟಿ ಬರಂಗಿಲ್ಲ ಅಂದಿದ್ರಿ. ಬಂತಲ್ಲ?" (ಟಿಎಸ್-3ಆರ್ ತೊಗರಿಯ ಒಂದು ತಳಿ.)

"ಮುಂದಿನ ವರ್ಷ ಈ ಹೊಲಕ್ಕ ಏನ ಹಾಕ್ಲಿ?"

ಕಡೆಗೆ ಆ ಪಟ್ಟಿಯನ್ನು ಮುಂದಿಟ್ಟುಕೊಂಡು ಕೂತೆವು. ಒಂದು ವಿಷಯ ಕಣ್ಣಿಗೆ ಹೊಡೆಯಿತು. ಯಾರೊಬ್ಬರೂ "ನೆಟೆ ರೋಗ ಎಂದರೇನು" ಅಂತ ಕೇಳಿರಲಿಲ್ಲ. ಎಲ್ಲರೂ ಹೊಲದಲ್ಲಿ ಕಂಡದ್ದನ್ನು ಹೇಳಿ, ಈಗ ಏನು ಮಾಡಲಿ ಅಂತ ಕೇಳಿದ್ದರು. ಉತ್ತರ ಕೊಟ್ಟ ತಕ್ಷಣ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬಂದಿತ್ತು. ಆ ಎರಡನೇ ಪ್ರಶ್ನೆಯಲ್ಲೇ ಇಡೀ ಲೇಖನದ ಆಳ ಇರುವುದು. ಮೊದಲ ಪ್ರಶ್ನೆಗೆ ಎಲ್ಲರ ಹತ್ತಿರವೂ ಉತ್ತರ ಇರುತ್ತದೆ: ಕರಪತ್ರದಲ್ಲಿ, ಪತ್ರಿಕೆಯಲ್ಲಿ, ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೆ. "ಸರಿ, ಅದನ್ನೂ ಮಾಡಿದೆ, ಆದರೂ ಹೀಗಾಯಿತು" ಅನ್ನುವವನಿಗೆ ಉತ್ತರ ಎಲ್ಲೂ ಸಿಗುವುದಿಲ್ಲ.

ಹೊಸ ಲೇಖನಕ್ಕೆ ಬೇರೆ ನಕ್ಷೆ ಹಾಕಲಿಲ್ಲ. ಆ ಪ್ರಶ್ನೆಗಳು ಬಂದ ಕ್ರಮವೇ ಲೇಖನದ ಕ್ರಮ.

ಕಾಂಡ ಸೀಳಿ ನೋಡುವುದು

ಹೊಸ ಲೇಖನದ ಮೊದಲ ಸಾಲು ಹೀಗಿತ್ತು: "ಒಣಗಿದ ಗಿಡ ಕಿತ್ತುಕೊಳ್ಳಿ, ಬುಡದ ಹತ್ತಿರ ಕಾಂಡವನ್ನು ಉದ್ದಕ್ಕೆ ಸೀಳಿ." ಮುನ್ನುಡಿ ಇಲ್ಲ, ಪೀಠಿಕೆ ಇಲ್ಲ. ಓದುಗ ಹೊಲದ ಬದುವಿನ ಮೇಲೆ ಮೊಬೈಲ್ ಹಿಡಿದು ನಿಂತಿದ್ದಾನೆ ಅಂದುಕೊಂಡು ಬರೆದದ್ದು.

ಸೀಳಿದರೆ ಏನು ಕಾಣಬೇಕು? ನೆಟೆ ರೋಗವಾದರೆ ಒಳಗೆ ನೀರು ಸಾಗುವ ನಾಳಗಳು ಕಂದು ಇಲ್ಲವೇ ಕಪ್ಪು ಗೆರೆಗಳಾಗಿ ಕಾಣುತ್ತವೆ. ಹೊರಗೆ ಬುಡದಿಂದ ಮೇಲಕ್ಕೆ ನೇರಳೆ ಬಣ್ಣದ ಪಟ್ಟೆ ಹತ್ತಿರುತ್ತದೆ. ಕೆಲವು ಸಲ ಗಿಡದ ಒಂದು ಮಗ್ಗುಲಿನ ಕೊಂಬೆಗಳಷ್ಟೇ ಒಣಗಿ, ಇನ್ನೊಂದು ಮಗ್ಗುಲು ಹಸಿರಾಗೇ ಇರುತ್ತದೆ. ಪಟ್ಟೆ ಹೋದ ಕಡೆಯ ಕೊಂಬೆ ಒಣಗಿದೆ ಅಂತ ಅರ್ಥ.

ಇದಕ್ಕೆ ಕಾರಣ ಫ್ಯುಸೇರಿಯಂ ಉಡಮ್ ಅನ್ನುವ ಶಿಲೀಂಧ್ರ. ಅದು ಮಣ್ಣಿನಲ್ಲಿದ್ದು ಬೇರಿನ ಮೂಲಕ ಒಳಗೆ ಹೋಗುತ್ತದೆ, ನೀರಿನ ನಾಳಗಳಲ್ಲಿ ಬೆಳೆಯುತ್ತದೆ. ನಾಳ ಕಟ್ಟಿಕೊಂಡ ಮೇಲೆ ನೆಲದಲ್ಲಿ ಹಸಿ ಇದ್ದರೂ ಗಿಡಕ್ಕೆ ನೀರು ಏರುವುದಿಲ್ಲ. ಅದಕ್ಕೇ ಅದು ನೀರಿಲ್ಲದೆ ಬಾಡಿದ ಗಿಡದಂತೆ ಕಾಣುತ್ತದೆ. "ನೀರ ಕಡಿಮಿ ಆಗ್ಯಾದೇನು" ಅನ್ನುವ ಪ್ರಶ್ನೆಗೆ ಇಲ್ಲಿ ಉತ್ತರ ಸಿಕ್ಕಿತು. ಈ ಒಂದು 'ಯಾಕೆ' ಗೊತ್ತಾದವನು ಆಮೇಲಿನ ಸಲಹೆಗಳನ್ನು ನಂಬುತ್ತಾನೆ. ಬರೀ ಸಲಹೆ ಕೊಟ್ಟರೆ ಸುಮ್ನೆ ಓದಿ ಮುಂದೆ ಹೋಗುತ್ತಾನೆ.

ಈ ಭಾಗವನ್ನು ನಾವು ಬೇಕಂತಲೇ ಉದ್ದ ಮಾಡಿದೆವು. ಯಾಕೆಂದರೆ ತೊಗರಿ ಒಣಗುವುದೆಲ್ಲ ನೆಟೆ ರೋಗವಲ್ಲ. ಒಣ ಬೇರು ಕೊಳೆ ಅಂತ ಒಂದಿದೆ. ಮಳೆ ಕೈಕೊಟ್ಟು ನೆಲ ಕಾದಾಗ ಅದು ಜಾಸ್ತಿ. ಬೇರು ಕೊಳೆತು ಪೆಡಸಾಗಿರುತ್ತದೆ, ಎಳೆದರೆ ಗಿಡ ಸಲೀಸಾಗಿ ಬರುತ್ತದೆ, ಮುರಿದ ಬೇರು ನೆಲದಲ್ಲೇ ಉಳಿಯುತ್ತದೆ. ಫೈಟಾಫ್ಥೊರಾ ಅಂಗಮಾರಿ ಇನ್ನೊಂದು. ಮಳೆ ಜೋರಾಗಿ ಹೊಲದ ತಗ್ಗಿನಲ್ಲಿ ನೀರು ನಿಂತಾಗ, ಗಿಡ ಇನ್ನೂ ಎಳೆಯದಿರುವಾಗಲೇ ಬರುತ್ತದೆ. ಕಾಂಡದ ಮೇಲೆ ಒಳಕ್ಕೆ ತಗ್ಗಿದ ಕಂದು ಮಚ್ಚೆ ಬಿದ್ದು, ಗಾಳಿಗೆ ಅಲ್ಲೇ ಮುರಿಯುತ್ತದೆ. ಈ ಮೂರಕ್ಕೂ ಮುಂದಿನ ವರ್ಷ ಮಾಡಬೇಕಾದ ಕೆಲಸ ಬೇರೆ ಬೇರೆ. ನೀರು ನಿಂತು ಹಾಳಾದ ಹೊಲಕ್ಕೆ ನೆಟೆ ನಿರೋಧಕ ಬೀಜ ತಂದು ಹಾಕಿದರೆ ಏನೂ ಉಪಯೋಗವಿಲ್ಲ. ಅಲ್ಲಿ ಬೇಕಿರುವುದು ನೀರು ಬಸಿದು ಹೋಗಲು ದಾರಿ.

ಫೋಟೋಗಳ ವಿಷಯದಲ್ಲಿ ಗೆಳೆಯ ತುಂಬಾ ಕಷ್ಟಪಟ್ಟ. ಇಂಟರ್ನೆಟ್ಟಿನಲ್ಲಿ ಸಿಕ್ಕ ಚಿತ್ರ ಹಾಕಲಿಲ್ಲ. ತನ್ನ ಕೌಂಟರ್ ಮೇಲೆ ಬಂದ ಗಿಡಗಳನ್ನೇ ಸೀಳಿ, ಬಾಗಿಲಿನ ಬೆಳಕಿನಲ್ಲಿ ಹಿಡಿದು ತೆಗೆದ. ರೋಗದ ಕಾಂಡ, ಆರೋಗ್ಯದ ಕಾಂಡ ಎರಡನ್ನೂ ಪಕ್ಕಪಕ್ಕ ಇಟ್ಟ. ಆರೋಗ್ಯದ ಕಾಂಡದ ಚಿತ್ರ ಇಲ್ಲದಿದ್ದರೆ ಓದುಗ ಯಾವುದಕ್ಕೆ ಹೋಲಿಸಿ ನೋಡಬೇಕು? ಇಷ್ಟು ಸಣ್ಣ ವಿಷಯವನ್ನು ಎಷ್ಟೋ ಕರಪತ್ರಗಳು ಬಿಟ್ಟುಬಿಡುತ್ತವೆ.

ಎಣ್ಣಿ ಮಾರುವವನು ಎಣ್ಣಿ ಬೇಡ ಅಂದದ್ದು

ಲೇಖನದ ಅತ್ಯಂತ ಮುಖ್ಯವಾದ ಪ್ಯಾರಾ ಬಹಳ ಚಿಕ್ಕದು. ಅದನ್ನು ಬರೆಯಲು ಮಾತ್ರ ಗೆಳೆಯ ಬಹಳ ಹಿಂದೆ ಮುಂದೆ ನೋಡಿದ.

ನೆಟೆ ಬಿದ್ದು ತಲೆ ಬಾಗಿದ ಗಿಡವನ್ನು ಉಳಿಸುವ ಸಿಂಪಡಣೆ ಇಲ್ಲ. ಶಿಲೀಂಧ್ರ ನಾಳದೊಳಗೆ ಕೂತಿದೆ. ಎಲೆಯ ಮೇಲೆ ಏನು ಹೊಡೆದರೂ ಅಲ್ಲಿಗೆ ತಲುಪುವುದಿಲ್ಲ. ಆದರೆ ಆ ಹೊತ್ತಿನಲ್ಲಿ ರೈತ ಏನಾದರೂ ಹೊಡೆಯಲೇಬೇಕು ಅಂತ ಕಾಸು ಹಿಡಿದು ಬಂದಿರುತ್ತಾನೆ. ಕೊಡುವವರೂ ಏನಾದರೂ ಕೊಡುತ್ತಾರೆ.

"ಅಣ್ಣಾ, ನನ್ನದೇ ಅಂಗಡಿ ಐತಿ. ಇದನ್ನ ನಾನೇ ಬರದ್ರ ಹ್ಯಾಂಗ?" ಅಂತ ಕೇಳಿದ.

"ನೀನೇ ಬರೀಬೇಕು. ಬೇರೆ ಯಾರು ಬರೆದರೂ ಅಷ್ಟು ತೂಕ ಬರಲ್ಲ" ಅಂದೆ.

ಬರೆದ. "ಈಗಾಗಲೇ ಬಾಡಿದ ಗಿಡಕ್ಕೆ ದುಡ್ಡು ಹಾಕಬೇಡಿ. ಆ ದುಡ್ಡನ್ನು ಮುಂದಿನ ವರ್ಷದ ಬೀಜಕ್ಕೆ ಇಟ್ಟುಕೊಳ್ಳಿ." ಅಷ್ಟೇ. ಯಾವ ಕಂಪನಿಯ ಹೆಸರನ್ನೂ ಲೇಖನದಲ್ಲಿ ಎಲ್ಲೂ ಹಾಕಲಿಲ್ಲ.

ಓದುಗರು ಒಂದು ಲೇಖನಕ್ಕೆ ಮತ್ತೆ ಬರುವುದು ಇಂಥ ಸಾಲಿಗಾಗಿ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಇದಾದ ಮೇಲೆ ಅಂಗಡಿಗೆ ಬಂದವರಲ್ಲಿ ಹಲವರು ಆ ಮಾತನ್ನೇ ಎತ್ತಿದರು. "ನೀವೇ ಬ್ಯಾಡ ಅಂದೀರಿ, ಅದಕ್ಕ ನಿಮ್ಮ ಕಡೀಗೇ ಬಂದೀವಿ" ಅಂದರು. ಬರೆಯುವವನಿಗೆ ಲಾಭ ಇರುವ ಜಾಗದಲ್ಲೇ ಅವನು ಆ ಲಾಭ ಬಿಟ್ಟು ಮಾತಾಡಿದ್ದಾನೆ ಅಂತ ಓದುಗನಿಗೆ ತಿಳಿದರೆ, ಉಳಿದ ಲೇಖನವನ್ನು ಅವನು ಬೇರೆ ಕಣ್ಣಿನಿಂದ ಓದುತ್ತಾನೆ.

"ನಿರೋಧಕ ತಳಿ ಹಾಕೀನಿ, ಆದರೂ ಬಂತಲ್ಲ?"

ಜನ ಬಂದು ಜಾಸ್ತಿ ಹೊತ್ತು ನಿಲ್ಲುವುದು ಈ ಭಾಗದಲ್ಲಿ. ಇದಕ್ಕೆ ಒಂದೇ ಸಾಲಿನ ಉತ್ತರ ಇಲ್ಲ. ಹಾಗಾಗಿ ಗೆಳೆಯ ಬಿಡಿಸಿ ಬಿಡಿಸಿ ಬರೆದ.

ಮೊದಲನೆಯದು, ಯಾವ ರೋಗಕ್ಕೆ ನಿರೋಧಕ ಅನ್ನೋದು. ಮಾರುತಿ ತಳಿಯನ್ನು ನಮ್ಮ ಹಿರಿಯ ರೈತರೆಲ್ಲ ಬಲ್ಲರು. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಸಂಸ್ಥೆ ಆರಿಸಿದ ಐಸಿಪಿ 8863 ಅನ್ನುವುದೇ ಅದು. 1986ರಲ್ಲಿ ಕರ್ನಾಟಕದಲ್ಲಿ ಮಾರುತಿ ಅನ್ನೋ ಹೆಸರಿನಲ್ಲಿ ಬಿಡುಗಡೆಯಾಯಿತು. ನೆಟೆಯನ್ನು ಚೆನ್ನಾಗಿ ತಡೆಯಿತು. ಆದರೆ ಗೊಡ್ಡು ರೋಗಕ್ಕೆ ಅದು ಸೋಲುತ್ತದೆ. ಗೊಡ್ಡು ರೋಗ ಹರಡುವುದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯಿಂದ. ಗಿಡ ಹಸಿರಾಗೇ ಇರುತ್ತದೆ, ಹೂ-ಕಾಯಿ ಮಾತ್ರ ಬಿಡುವುದಿಲ್ಲ. ಟಿಎಸ್-3ಆರ್ ನಮ್ಮ ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದ್ದೇ ತಳಿ, ಹೆಸರು ಮಾಡಿದ್ದು ನೆಟೆ ತಡೆಯುವುದಕ್ಕೆ. ಮಹಾರಾಷ್ಟ್ರದ ಬದನಾಪುರದಿಂದ ಬಂದ ಬಿಎಸ್‌ಎಂಆರ್-736 ನೆಟೆ, ಗೊಡ್ಡು ಎರಡನ್ನೂ ತಡೆಯುವ ತಳಿ. ಒಣ ಬೇರು ಕೊಳೆ ಬಂದ ಹೊಲದಲ್ಲಿ ನಿಂತು "ನೆಟೆ ನಿರೋಧಕ ಅಂದಿದ್ದು ಸುಳ್ಳು" ಅಂದರೆ ಅದು ಬೀಜದ ತಪ್ಪಲ್ಲ. ಅದಕ್ಕೇ ಕಾಂಡ ಸೀಳಿ ನೋಡುವ ಭಾಗ ಲೇಖನದ ಮೊದಲಲ್ಲಿ ಬಂದದ್ದು.

ಎರಡನೆಯದು ಮನೆ ಬೀಜ. ಒಮ್ಮೆ ಒಳ್ಳೇ ಬೀಜ ತಂದು, ರಾಶಿ ಆದ ಮೇಲೆ ಅದರಲ್ಲೇ ತೆಗೆದಿಟ್ಟು, ವರ್ಷ ವರ್ಷ ಅದನ್ನೇ ಬಿತ್ತುವುದು ನಮ್ಮಲ್ಲಿ ರೂಢಿ. ಬೇರೆ ಎಷ್ಟೋ ಬೇಳೆಕಾಳಿಗೆ ಇದು ನಡೆಯುತ್ತದೆ. ತೊಗರಿಗೆ ಅಷ್ಟು ಚೆನ್ನಾಗಿ ನಡೆಯುವುದಿಲ್ಲ. ತೊಗರಿ ಹೂವಿಗೆ ಜೇನುನೊಣ ಬರುತ್ತದೆ, ಪಕ್ಕದ ಹೊಲದ ಬೇರೆ ತಳಿಯ ಪರಾಗ ತರುತ್ತದೆ. ಹೀಗಾಗಿ ತಳಿ ಬೆರೆಯುತ್ತದೆ. ಕೆಲವು ವರ್ಷ ಕಳೆದ ಮೇಲೆ ಚೀಲದ ಮೇಲೆ ಹೆಸರು ಅದೇ ಇದ್ದರೂ ಒಳಗಿನ ಬೀಜ ಅದೇ ಆಗಿರುವುದಿಲ್ಲ. ಈ ಒಂದು ಪ್ಯಾರಾವನ್ನು ಓದಿ ಜೇವರ್ಗಿ, ಸೇಡಂ, ಬೀದರ್ ಕಡೆಯಿಂದೆಲ್ಲ ಗೆಳೆಯನಿಗೆ ಫೋನ್ ಬಂದಿವೆ. "ಹತ್ತಾರು ಸಲ ಕೇಳಿದ್ದೆವು, ಯಾರೂ ಹೇಳಿರಲಿಲ್ಲ" ಅಂದವರಿದ್ದಾರೆ.

ಮೂರನೆಯದು ನೆಲ. ನೆಟೆಯ ಶಿಲೀಂಧ್ರ ಹಳೇ ಕೂಳೆ, ಬೇರಿನ ಚೂರುಗಳಲ್ಲಿ ಸುಮಾರು ಮೂರು ವರ್ಷ ಬದುಕಿರುತ್ತದೆ. ತೊಗರಿ ಕಟ್ಟಿಗೆಯನ್ನು ಒಲೆಗೆ ಅಂತ ಕೊಯ್ದುಕೊಂಡು ಹೋಗುತ್ತೇವೆ, ಬುಡ ಮಾತ್ರ ನೆಲದಲ್ಲೇ ಉಳಿಯುತ್ತದೆ. ಮರುವರ್ಷ ಅದೇ ಜಾಗಕ್ಕೆ ಮತ್ತೆ ತೊಗರಿ. ಒಂದು ಹಂಗಾಮಿಗಾದರೂ ಜೋಳ ಹಾಕಿದರೆ ನೆಟೆ ಇಳಿಯುತ್ತದೆ. ಜೋಳದ ಜೊತೆ ಅಕ್ಕಡಿ ಸಾಲಾಗಿ ತೊಗರಿ ಬೆಳೆದರೂ ರೋಗ ಕಡಿಮೆ ಅಂತ ಇಕ್ರಿಸ್ಯಾಟ್‌ನ ಪ್ರಯೋಗಗಳಲ್ಲಿ ಕಂಡುಬಂದಿದೆ. ನಮ್ಮ ಹಿರಿಯರು ಜೋಳ-ತೊಗರಿ ಕೂಡಿಸಿ ಬಿತ್ತುತ್ತಿದ್ದದ್ದು ಎಲ್ಲರಿಗೂ ನೆನಪಿರುವ ವಿಷಯವೇ. ಲೇಖನ ಅದನ್ನು ಹೊಗಳಿ ಬಿಟ್ಟುಬಿಡಲಿಲ್ಲ. ಯಾಕೆ ಕೈಬಿಟ್ಟೆವು ಅನ್ನೋದನ್ನೂ ಬರೆಯಿತು: ಜೋಳ ಕೊಯ್ಯಲು ಆಳು ಸಿಗುವುದಿಲ್ಲ, ಹಕ್ಕಿ ಕಾಟ, ತೊಗರಿಗೆ ಸಿಗುವ ರೇಟು ಜೋಳಕ್ಕಿಲ್ಲ. ಓದುಗನ ಅಡಚಣೆಯನ್ನು ಮೊದಲು ಒಪ್ಪಿಕೊಂಡರೆ ಮಾತ್ರ ಅವನು ಸಲಹೆಯನ್ನು ಕೇಳುತ್ತಾನೆ ಅಲ್ವಾ?

ಬೀಜೋಪಚಾರದ ಬಗ್ಗೆಯೂ, ಅಂದರೆ ಬಿತ್ತುವ ಮುಂಚೆ ಬೀಜಕ್ಕೆ ಔಷಧಿ ಹಚ್ಚುವುದರ ಬಗ್ಗೆಯೂ, ಇದೇ ಥರ. ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಅನ್ನುವುದು ಎಷ್ಟೋ ಕರಪತ್ರಗಳಲ್ಲಿ ಇದೆ. ಆದರೆ ಟ್ರೈಕೋಡರ್ಮಾ ಅಂದರೆ ರೋಗದ ಶಿಲೀಂಧ್ರವನ್ನು ತಡೆಯುವ, ಜೀವ ಇರುವ ಇನ್ನೊಂದು ಶಿಲೀಂಧ್ರ. ಕಾರ್ಬೆಂಡಾಜಿಮ್ ಅನ್ನುವ ಶಿಲೀಂಧ್ರನಾಶಕ ಹಚ್ಚಿದ ಬೀಜಕ್ಕೆ ಅದನ್ನೂ ಹಚ್ಚಿದರೆ ಟ್ರೈಕೋಡರ್ಮಾವೇ ಸಾಯುತ್ತದೆ. ಬಿಸಿಲಿಗೆ ಇಟ್ಟರೂ ಅಷ್ಟೇ. ಮಾಡಿದ್ದೂ ದಂಡ, ದುಡ್ಡೂ ದಂಡ. "ಹಚ್ಚೀನಿ, ಏನೂ ಆಗ್ಲಿಲ್ಲ" ಅಂದವರ ಹತ್ತಿರ ಮಾತಾಡಿದಾಗ ಹಲವರು ಹೀಗೇ ಮಾಡಿದ್ದರು.

ಇಲ್ಲಿ ಒಂದು ಮಾತು. ಬ್ರಿಟಿಷರ ಕಾಲದ ಸಸ್ಯರೋಗ ವಿಜ್ಞಾನಿ ಇ.ಜೆ. ಬಟ್ಲರ್ ಈ ರೋಗದ ಬಗ್ಗೆ 1906ರಲ್ಲೇ ಬರೆದಿದ್ದ ಸಂಗತಿ ಗೆಳೆಯನಿಗೆ ಬಹಳ ಇಷ್ಟ. ಅದನ್ನು ಲೇಖನದ ನೆತ್ತಿಯ ಮೇಲೆ ಇಡಬೇಕು ಅಂತಿದ್ದ. ನಾನು ಅದನ್ನು ಈ ಭಾಗದ ಕೊನೆಗೆ ತಂದೆ: ನೂರು ವರ್ಷ ಕಳೆದರೂ ಈ ಶಿಲೀಂಧ್ರ ನೆಲ ಬಿಟ್ಟು ಹೋಗಿಲ್ಲ, ಒಂದೇ ತಳಿಯನ್ನು ನಂಬಿ ಕೂರಬೇಡಿ ಅನ್ನುವ ಮಾತಿಗೆ ಆಸರೆಯಾಗಿ. ಅಲ್ಲಿ ಅದು ಕೆಲಸ ಮಾಡಿತು. ಮೊದಲಲ್ಲಿ ಇದ್ದಿದ್ದರೆ ಗಿಡ ಹಿಡಿದು ನಿಂತವನು ಪುಟ ಮುಚ್ಚಿ ಹೋಗುತ್ತಿದ್ದ.

ಹಳಸುವುದನ್ನು ಬೇರೆ ಇಟ್ಟದ್ದು

ಉಳಿಯುವ ಲೇಖನಕ್ಕೆ ದೊಡ್ಡ ಶತ್ರು ಹಳೇ ಅಂಕಿ. ಉದಾಹರಣೆಗೆ ತೊಗರಿಯ ಬೆಂಬಲ ಬೆಲೆಯನ್ನೇ ನೋಡಿ. ಕ್ವಿಂಟಲ್‌ಗೆ 2022-23ರಲ್ಲಿ 6,600 ರೂಪಾಯಿ ಇತ್ತು. 2023-24ಕ್ಕೆ 7,000, 2024-25ಕ್ಕೆ 7,550, 2025-26ಕ್ಕೆ 8,000 ಆಯಿತು. ಲೇಖನದ ಮಧ್ಯದಲ್ಲೆಲ್ಲೋ 6,600 ಅಂತ ಬರೆದಿಟ್ಟಿದ್ದರೆ ಮರುವರ್ಷವೇ ಓದುಗ "ಇದು ಹಳೇದು" ಅಂತ ಮುಚ್ಚುತ್ತಿದ್ದ. ಅದರ ಜೊತೆ ಶಿಲೀಂಧ್ರದ ವಿಷಯವೂ ಹಳೇದೇ ಇರಬೇಕು ಅಂದುಕೊಳ್ಳುತ್ತಿದ್ದ.

ಹಾಗಾಗಿ ವರ್ಷಕ್ಕೊಮ್ಮೆ ಬದಲಾಗುವುದನ್ನೆಲ್ಲ ಲೇಖನದ ಕೊನೆಯಲ್ಲಿ ಒಂದೇ ಕಡೆ ಇಟ್ಟೆವು. ಬೆಂಬಲ ಬೆಲೆ, ಬೀಜದ ಸಬ್ಸಿಡಿ, ವಿಮೆ ಕಟ್ಟುವ ಕೊನೇ ದಿನ. ಮೇಲೆ ತಿದ್ದಿದ ದಿನಾಂಕ. ಬಿತ್ತನೆಗೆ ಮುಂಚೆ ಅದಷ್ಟನ್ನು ತಿದ್ದಿದರೆ ಸಾಕು, ಉಳಿದದ್ದು ಹಾಗೇ ನಿಲ್ಲುತ್ತದೆ.

ವಿಮೆಯ ವಿಷಯದಲ್ಲಿ ಮಾತ್ರ ಒಂದು ಭಾಗವನ್ನು ಮೇಲಕ್ಕೆ ತಂದೆವು, ಯಾಕೆಂದರೆ ಅದರ ತಿರುಳು ವರ್ಷ ವರ್ಷ ಬದಲಾಗುವಂಥದ್ದಲ್ಲ. 2016ರಲ್ಲಿ ಶುರುವಾದ ಫಸಲ್ ಬಿಮಾ ಯೋಜನೆಯಲ್ಲಿ "72 ಗಂಟೆಯೊಳಗೆ ತಿಳಿಸಿ" ಅನ್ನುವ ನಿಯಮ ಎಲ್ಲರ ಬಾಯಲ್ಲೂ ಇದೆ. ಅದು ಆಲಿಕಲ್ಲು, ಹೊಲ ಮುಳುಗುವುದು ಇಂಥ ಸ್ಥಳೀಯ ಹಾನಿಗೆ. ರೋಗದಿಂದ ಆದ ನಷ್ಟ ಲೆಕ್ಕಕ್ಕೆ ಬರುವುದು ಬೆಳೆ ಕಟಾವು ಪ್ರಯೋಗದಲ್ಲಿ, ಅಂದರೆ ಆರಿಸಿದ ಕೆಲವು ಹೊಲಗಳಲ್ಲಿ ಬೆಳೆ ಕೊಯ್ದು ಅಳೆದಾಗ, ಇಡೀ ಪ್ರದೇಶದ ಸರಾಸರಿ ಇಳುವರಿ ಕುಸಿದಾಗ. ತನ್ನ ಒಂದೇ ಹೊಲ ಒಣಗಿದೆ ಅಂತ ಫೋನ್ ಮೇಲೆ ಫೋನ್ ಮಾಡಿ ಸುಸ್ತಾದವರಿಗೆ ಇದನ್ನು ಮೊದಲೇ ಯಾರಾದರೂ ಹೇಳಬೇಕಿತ್ತು. ಕೇಳಲು ಬೇಸರದ ಮಾತೇ, ಆದರೆ ಹೇಳಬೇಕಾದದ್ದು.

ಸಿಗುವಂತೆ ಬರೆಯುವುದು

ಕೃಷಿ ಬಗ್ಗೆ ಕನ್ನಡದಲ್ಲಿ ಒಳ್ಳೇ ಬರಹ ಇಲ್ಲ ಅನ್ನುವ ಮಾತು ಸರಿಯಲ್ಲ. ವಿಶ್ವವಿದ್ಯಾಲಯದವರು, ಕೃಷಿ ವಿಜ್ಞಾನ ಕೇಂದ್ರದವರು ವರ್ಷಗಟ್ಟಲೆ ಬರೆದಿದ್ದಾರೆ. ಆದರೆ ಎಷ್ಟೋ ಕರಪತ್ರಗಳು 'ನುಡಿ', 'ಬರಹ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಅಕ್ಷರಗಳಲ್ಲಿ ಟೈಪ್ ಆಗಿವೆ. ಈಗ ಎಲ್ಲ ಮೊಬೈಲ್, ಕಂಪ್ಯೂಟರ್ ಓದುವ ಯೂನಿಕೋಡ್ ಅಲ್ಲ. ಅಂಥದ್ದನ್ನು ಕಾಪಿ ಮಾಡಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕಿದವನಿಗೆ ಅದು ಸಿಗುವುದೇ ಇಲ್ಲ. ಚಿತ್ರವಾಗಿ ಸ್ಕ್ಯಾನ್ ಮಾಡಿ ಹಾಕಿದ ಪುಟಗಳ ಗತಿಯೂ ಹೆಚ್ಚುಕಡಿಮೆ ಅದೇ. ಗೆಳೆಯನ ಹಳೇ ಟಿಪ್ಪಣಿಗಳೂ ನುಡಿಯಲ್ಲಿದ್ದವು. ಎಲ್ಲವನ್ನೂ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ ಮುರಿದ ಕಡೆಯೆಲ್ಲ ಕೈಯಿಂದ ತಿದ್ದಿದೆವು. ಇದು ಬೇಸರದ ಕೆಲಸ, ಆದರೆ ಕನ್ನಡದಲ್ಲಿ ಬರೆದದ್ದು ಉಳಿಯಬೇಕಾದರೆ ಇದನ್ನು ತಪ್ಪಿಸುವಂತಿಲ್ಲ.

ಶೀರ್ಷಿಕೆಯಲ್ಲಿ "ತೊಗರಿ ಯಾಕೆ ಒಣಗುತ್ತಿದೆ" ಅಂತಲೇ ಇಟ್ಟೆವು. ರೋಗದ ಹೆಸರು ಒಳಗೆ ಬಂತು.

ಓದುವವರು ಯಾರು ಅನ್ನೋದರ ಬಗ್ಗೆಯೂ ಸ್ವಲ್ಪ ಹೇಳಬೇಕು. ಮನೆಯಲ್ಲಿ ಮೊಬೈಲ್ ಹಿಡಿದು ಓದುವುದು ಹೆಚ್ಚಾಗಿ ಮಗ ಅಥವಾ ಮಗಳು. ಕೇಳಿಸಿಕೊಳ್ಳುವುದು ಅಪ್ಪ. ಹಾಗಾಗಿ ಪ್ರತಿ ಪ್ಯಾರಾವನ್ನೂ ಗಟ್ಟಿಯಾಗಿ ಓದಿ ನೋಡಿದೆವು. ಓದುವಾಗ ಉಸಿರು ಕಟ್ಟಿದ ವಾಕ್ಯವನ್ನೆಲ್ಲ ಎರಡು ಮಾಡಿದೆವು. "ಬೀಜೋಪಚಾರವನ್ನು ಕೈಗೊಳ್ಳತಕ್ಕದ್ದು" ಅನ್ನುವಂಥದ್ದು "ಬೀಜಕ್ಕೆ ಹಚ್ಚಿ" ಅಂತಾಯಿತು. ವಾಟ್ಸಾಪ್‌ನಲ್ಲಿ ಇಡೀ ಲೇಖನ ಯಾರೂ ಕಳಿಸುವುದಿಲ್ಲ, ಒಂದು ತುಂಡಿನ ಸ್ಕ್ರೀನ್‌ಶಾಟ್ ಹೋಗುತ್ತದೆ. ಅದಕ್ಕೇ ಪ್ರತಿ ಫೋಟೋದ ಕೆಳಗೆ ಪೂರ್ತಿ ವಾಕ್ಯ ಬರೆದೆವು. ಆ ತುಂಡು ಒಂಟಿಯಾಗಿ ಯಾರ ಕೈಗೆ ಸಿಕ್ಕರೂ ತಪ್ಪು ದಾರಿಗೆ ಎಳೆಯಬಾರದು.

ಈಗಿನ ಸ್ಥಿತಿ

ಓದುಗರು ಬರುವ ರೀತಿ ಬೆಳೆಯ ಕಾಲಕ್ಕೆ ತಕ್ಕಂತೆ ಇದೆ. ಜೂನ್‌ನಲ್ಲಿ ಬಿತ್ತನೆ ಹತ್ತಿರ ಬಂದಾಗ ಒಮ್ಮೆ ಏರುತ್ತದೆ. ಆಗ ಓದುವುದು ತಳಿ, ಬೀಜೋಪಚಾರದ ಭಾಗ. ಅಕ್ಟೋಬರ್, ನವೆಂಬರ್‌ನಲ್ಲಿ ಹೂ-ಕಾಯಿಯ ಹೊತ್ತಿಗೆ ಮತ್ತೆ ಏರುತ್ತದೆ. ಆಗ ಕಾಂಡದ ಫೋಟೋ. ಎಳ್ಳ ಅಮವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂದ ಮೇಲೂ ಒಂದಿಷ್ಟು ಜನ ಬರುತ್ತಾರೆ. ಪಟ್ಟಣದಲ್ಲಿರುವ ಮಕ್ಕಳು ಅವತ್ತು ಹೊಲ ನೋಡಿರುತ್ತಾರೆ, ಮನೆಗೆ ಬಂದು ಹುಡುಕುತ್ತಾರೆ. ನಡುವಿನ ತಿಂಗಳುಗಳಲ್ಲಿ ಪುಟ ಖಾಲಿ ಖಾಲಿ. ಮೊದಮೊದಲು ಗೆಳೆಯ ಅದನ್ನು ನೋಡಿ ಬೇಜಾರು ಮಾಡಿಕೊಂಡ. ಬೇಸಿಗೆಯಲ್ಲಿ ತೊಗರಿ ರೋಗದ ಬಗ್ಗೆ ಯಾರು ಓದುತ್ತಾರೆ? ಹಂಗಾಮಿಗೆ ತಿರುಗಿ ಬಂದರೆ ಸಾಕು.

ಲೇಖನ ಎಲ್ಲವನ್ನೂ ಸಾಧಿಸಿತು ಅಂತಲ್ಲ. ಜೋಳದ ಭಾಗವನ್ನು ಓದಿ ಬೆಳೆ ಬದಲಿಸಿದವರು ಕಡಿಮೆ. ಬೀಜ ಬದಲಿಸಿದವರು ಜಾಸ್ತಿ. ಬೀಜ ಬದಲಿಸುವುದು ಸುಲಭ, ಬೆಳೆ ಬದಲಿಸಿದರೆ ಆ ವರ್ಷದ ಆದಾಯವೇ ಬದಲಾಗುತ್ತದೆ. ಲೇಖನದಿಂದ ಅದನ್ನು ಬಗೆಹರಿಸಲು ಆಗುವುದಿಲ್ಲ.

ಈಗ ಗೆಳೆಯ ಕಾಯಿ ಕೊರೆಯುವ ಹುಳದ ಮೇಲೆ ಬರೆಯಲು ಕೂತಿದ್ದಾನೆ. ಇದು ಇನ್ನೂ ಕಷ್ಟದ್ದು. ನೆಟೆಗೆ ಎಣ್ಣಿ ಬೇಡ ಅಂದುಬಿಡಬಹುದಿತ್ತು. ಇಲ್ಲಿ ಹಾಗಲ್ಲ. ಯಾವಾಗ ಹೊಡೆಯಬೇಕು, ಯಾವಾಗ ಬೇಡ ಅಂತ ಹೇಳಬೇಕು. 1997-98ರಲ್ಲಿ ಈ ಹುಳ ನಮ್ಮ ಭಾಗದ ತೊಗರಿಯನ್ನು ನುಂಗಿದ್ದನ್ನು ಕಂಡವರು ಇನ್ನೂ ಇದ್ದಾರೆ. ಗಿಡ ಅಲ್ಲಾಡಿಸಿ, ಕೆಳಗೆ ಹಾಸಿದ ಬಟ್ಟೆಯ ಮೇಲೆ ಹುಳ ಉದುರಿಸಿ ಆರಿಸಿದವರು ಅವರು. ಕರಡಿನಲ್ಲಿ ಅದು ಒಂದೇ ಸಾಲಿನಲ್ಲಿತ್ತು. ವಾಪಸ್ ಕಳಿಸಿದ್ದೇನೆ: ಒಂದು ಎಕರೆ ಅಲ್ಲಾಡಿಸಲು ಎಷ್ಟು ಆಳು ಬೇಕು, ದಿನದ ಯಾವ ಹೊತ್ತಿಗೆ ಮಾಡಬೇಕು, ಉದುರಿದ ಹುಳವನ್ನು ಏನು ಮಾಡಬೇಕು, ಆಳಿನ ಕೂಲಿಗೂ ಎಣ್ಣಿಯ ಖರ್ಚಿಗೂ ಹೋಲಿಸಿದರೆ ಗಿಟ್ಟುತ್ತದಾ ಅಂತ ಕೇಳಿ. ಊರಿನ ಹಿರಿಯರ ಹತ್ತಿರ ಕೂತು ಕೇಳಿಕೊಂಡು ಬರುತ್ತೇನೆ ಅಂದಿದ್ದಾನೆ. ಸೆಪ್ಟೆಂಬರ್ ಒಳಗೆ ಮುಗಿಸಬೇಕು, ತೊಗರಿ ಹೂ ಬಿಡುವ ಮುಂಚೆ ಓದುವವರ ಕೈಗೆ ಅದು ಸಿಗಬೇಕು.